ಬಂಡೆಯ ಎಡಕ್ಕೆ

ಅಂಗಿಯ ಜೇಬಿನಲ್ಲಿ ಆ ಹಾಳೆ ಇದೆಯೋ ಇಲ್ಲವೋ ಎಂದು ವೀರಬಸಪ್ಪ ಬೆಳಿಗ್ಗೆ ಎದ್ದಾಗಿನಿಂದ ನಾಲ್ಕು ಸಲ ಮುಟ್ಟಿ ನೋಡಿಕೊಂಡಿದ್ದ. ಇತ್ತು. ಎಲ್ಲಿಗೆ ಹೋದೀತು. ನಾಲ್ಕಾಗಿ ಮಡಚಿದ ಹಳೇ ಹಾಳೆ. ಒಂಬತ್ತು ವರ್ಷ ಕಚೇರಿಯ ಫೈಲಿನೊಳಗೆ ಬೆಚ್ಚಗೆ ಮಲಗಿದ್ದದ್ದನ್ನು ನಿನ್ನೆ ಸಂಜೆ ಎಲ್ಲರೂ ಎದ್ದು ಹೋದಮೇಲೆ ಅವನ ಕೈ ದಾರ ಸಡಿಲಿಸಿ ಹೊರಗೆಳೆದಿತ್ತು. ಕೈ ಎಳೆದಿತ್ತು ಎಂದೇ ಅವನು ಅಂದುಕೊಳ್ಳುತ್ತಿದ್ದ, ತಾನು ಎಳೆದೆ ಎಂದಲ್ಲ. ಮತ್ತಿಕೆರೆಯ ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡಸು ಒಂದು ಕಾಗದ ಬಚ್ಚಿಡಬೇಕೆಂದರೆ ಜಾಗವಿಲ್ಲ. ಟ್ರಂಕು ಹೆಂಡತಿಯದು, ಗೂಡು ದೇವರದು, ಹಾಸಿಗೆಯ ಕೆಳಗೆ ದಿನಾ ಕಸಬರಿಗೆ ಆಡುತ್ತದೆ. ಸೀಮೆಎಣ್ಣೆ ಸ್ಟೋವು ಉರಿಯುತ್ತಿತ್ತು. ಚಹಾ ಇಳಿಸುವ ನೆವದಲ್ಲಿ ಅದರ ಮುಂದೆ ಎರಡು ಸಲ ಹೋಗಿ ನಿಂತ. ಸುಟ್ಟರೆ ಮುಗಿಯಿತು. ಆದರೆ ಸುಡುವ ಧೈರ್ಯವೂ ಅವನಿಗಿರಲಿಲ್ಲ, ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ. ತನ್ನಂಥವನಿಗೆ ತಪ್ಪು ಮಾಡುವುದೂ ಪೂರ್ತಿ ಬರುವುದಿಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

“ಆ ಅಂಗಿ ನಿನ್ನಿದಲ್ರೀ? ತಗೀರಿ, ಒಗ್ಯಾಕ ಹಾಕ್ತೀನಿ. ಇಸ್ತ್ರಿ ಮಾಡಿದ್ದು ಟ್ರಂಕಿನ ಮ್ಯಾಲ ಐತಿ ನೋಡ್ರಿ,” ಎಂದಳು ಸಂಗವ್ವ. ಅವನು ಇರಲಿ ಬಿಡು ಎಂದ. ಅವಳು ಕೇಳಬೇಕಲ್ಲ, ಕಾಲರಿನ ಕೊಳೆ ತೋರಿಸುತ್ತ ಹತ್ತಿರ ಬಂದು, “ಕಿಸೆದಾಗ ಏನೋ ಐತಲ್ಲ,” ಎಂದು ಕೈ ಚಾಚಿದಳು. “ಕೈ ಹಾಕಬ್ಯಾಡ ಅಂದ್ನಲ್ಲ!” ಎಂದು ಅವನು ಕೂಗಿದ್ದು ಪಕ್ಕದ ಮನೆಯವರೆಗೂ ಕೇಳಿರಬೇಕು. ಸಂಗವ್ವ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು, ಅದಕ್ಕೆ ಏನೋ ಮೆತ್ತಿದೆ ಅನ್ನುವ ಹಾಗೆ. ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಹೀಗೆ ಕೂಗಿದ್ದು ಕಡಿಮೆ. ಕ್ಷಮಿಸು ಅನ್ನಬೇಕೆನಿಸಿತು. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಾಳೆಯನ್ನು ತೆಗೆದು ನೋಡುವ ಅಗತ್ಯವೇ ಇರಲಿಲ್ಲ, ಅದು ಬಾಯಿಪಾಠವಾಗಿತ್ತು. ‘ಸದರಿ ಸರ್ವೆ ನಂಬರಿನ ಜಮೀನನ್ನು ಪಂಚರ ಸಮಕ್ಷಮ ಖುದ್ದಾಗಿ ಪರಿಶೀಲಿಸಲಾಗಿ, ಬಂಡೆ ಮತ್ತು ಬೀಳು ಇದ್ದು, ಯಾವುದೇ ಕಟ್ಟಡವಾಗಲೀ ವಾಸದ ಮನೆಯಾಗಲೀ ಇರುವುದಿಲ್ಲ.’ ಕೆಳಗೆ ಇಬ್ಬರು ಪಂಚರ ಗುರುತು, ಸರ್ವೇಯರನ ಸಹಿ. ದಿನಾಂಕ 16-4-1975, ಬುಧವಾರ. ಆ ಕೊನೆಯ ಪದದ ಮೇಲೇ ನಿನ್ನೆ ಅವನ ಕಣ್ಣು ನಿಂತದ್ದು. ಒಂಬತ್ತು ವರ್ಷದಿಂದ ಅವನು ಅದನ್ನು ಸೋಮವಾರ ಮಾಡಿಕೊಂಡಿದ್ದ. ಸೋಮವಾರ ಒಪ್ಪೊತ್ತು, ಸೋಮವಾರ ಹೊರಗೆ ಏನೂ ಮುಟ್ಟುವುದಿಲ್ಲ, ಅದಕ್ಕೇ ಅವತ್ತು ಹಾಗಾಯಿತು ಎಂದು ತನಗೆ ತಾನೇ ಹೇಳಿಕೊಂಡು ಹೇಳಿಕೊಂಡು ನಿಜ ಮಾಡಿಟ್ಟುಕೊಂಡಿದ್ದ. ಅವನದೇ ಅಕ್ಷರ ಬುಧವಾರ ಅನ್ನುತ್ತಿತ್ತು.

ಇಷ್ಟಕ್ಕೂ ಈ ಫೈಲು ಅವನ ಮೇಜಿಗೆ ಬಂದದ್ದೇ ಒಂದು ಫೋಟೋದ ದೆಸೆಯಿಂದ. ಅರ್ಜಿದಾರ ಅಕ್ಬರ್ ಪಾಷಾ, ಹಿಂದೆ ಯಶವಂತಪುರ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದವನು. ಸಂಜಯನಗರದಾಚೆ ಕೆರೆ ಏರಿಯ ಕೆಳಗೆ ತನ್ನದೊಂದು ಕಲ್ಲಿನ ಮನೆ ಇತ್ತೆಂದೂ, ಬಡಾವಣೆಗೆಂದು ಜಮೀನು ಹಿಡಿದಾಗ ಅದನ್ನು ಕೆಡವಿದರೆಂದೂ, ವಾಸದ ಮನೆ ಕಳಕೊಂಡ ಎಲ್ಲರಿಗೂ ಬದಲಿ ಸೈಟು ಸಿಕ್ಕರೂ ತನಗೆ ಮಾತ್ರ ಸಿಗಲಿಲ್ಲವೆಂದೂ ಆರು ಅರ್ಜಿ ಹಾಕಿದ್ದ. ಆರಕ್ಕೂ ಒಂದೇ ಉತ್ತರ: ಪಂಚರ ಮಹಜರಿನ ಪ್ರಕಾರ ಅಲ್ಲಿ ಮನೆ ಇರಲಿಲ್ಲ. ಏಳನೆಯದನ್ನು ಮಗಳು ನಸೀಮಾ ಬರೆದಿದ್ದಳು, ದುಂಡಗಿನ ಟೀಚರ್ ಅಕ್ಷರದಲ್ಲಿ. ಹಳೇ ಫೋಟೋ ಗೋಡೆಯ ತೇವಕ್ಕೆ ಹಾಳಾಗಿದೆ, ಅದರ ನೆಗೆಟಿವ್ ಈಗ ಸಿಕ್ಕಿತು, ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಲಗತ್ತಿಸಿದ್ದೇನೆ, ದಯವಿಟ್ಟು ಸ್ಥಳಕ್ಕೆ ಬಂದು ಹೋಲಿಸಿ ನೋಡಬೇಕು. ಹೊಸದಾಗಿ ಬಂದಿದ್ದ ವಿಶೇಷಾಧಿಕಾರಿ ನಾಗಲಿಂಗಪ್ಪನವರಿಗೆ ಇಂಥದ್ದರಲ್ಲಿ ಆಸಕ್ತಿ. “ಹೋಗಿ ನೋಡೇ ಬಿಡೋಣ ಕಣ್ರೀ. ಇದೇ ಕಡೇ ವಿಚಾರಣೆ, ಆ ಜಾಗ ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಫೈಲ್ ಮುಚ್ಚಿ ಹಾಕೋಣ. ನೀವು ನಕ್ಷೆ ತಯಾರು ಮಾಡ್ಕೊಳ್ಳಿ,” ಎಂದು ಫೈಲನ್ನು ವೀರಬಸಪ್ಪನ ಮುಂದೆ ಹಾಕಿದ್ದರು. ಆ ಮಹಜರನ್ನು ಬರೆದವನು ಇವನೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು. ಆಗ ಇವನು ಬೇರೆ ಶಾಖೆಯಲ್ಲಿದ್ದ. ಸಹಿಯ ಕೆಳಗೆ ಹೆಸರು ಬರೆಯುವ ಪದ್ಧತಿ ಆಮೇಲೆ ಬಂದದ್ದು.

ಫೋಟೋ ನೋಡಿದ ಕೂಡಲೇ ಅವನಿಗೆ ಆ ಮನೆ ಗುರುತಾಗಿತ್ತು. ಹಿಂದೆ ಕೆರೆ ಏರಿ, ಮುಂದೆ ಮೂರು ಮೆಟ್ಟಿಲು, ಬಾಗಿಲ ಮೇಲೆ ದೀಪ ಇಡುವ ಕಮಾನಿನ ಗೂಡು, ಪಕ್ಕಕ್ಕೆ ಆನೆ ಮಲಗಿದಂಥ ದೊಡ್ಡ ಬಂಡೆ. ಮೆಟ್ಟಿಲ ಮೇಲೆ ಗಂಡ, ಹೆಂಡತಿ, ಮಗಳು, ಹಬ್ಬದ ಬಟ್ಟೆ. ಗುರುತಾದ ಮರುಕ್ಷಣವೇ ಏನೋ ತಪ್ಪಿದೆ ಅನ್ನಿಸಿತು. ಮನೆ ಬಂಡೆಯ ಬಲಕ್ಕಿತ್ತು. ಆದರೆ ರಸ್ತೆಯಿಂದ ನೋಡಿದರೆ ಮನೆ ಇದ್ದದ್ದು ಬಂಡೆಯ ಎಡಕ್ಕೆ. ಅವನು ಮರೆಯಲು ಸಾಧ್ಯವೇ ಇಲ್ಲ. ಮನೆಯ ಜಗುಲಿಯಿಂದ ಎದ್ದು ಯಾವ ಕಡೆ ನಡೆದು ಆ ಬಂಡೆಯ ಮರೆಗೆ ಹೋಗಿದ್ದನೋ ಅವನ ಕಾಲಿಗೆ ಗೊತ್ತು. ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದ. ಅಕ್ಬರ್ ಪಾಷಾನ ಅಂಗಿಯ ಜೇಬು ಬಲ ಎದೆಯ ಮೇಲಿತ್ತು. ಯಾವ ದರ್ಜಿ ಬಲಕ್ಕೆ ಜೇಬು ಹೊಲಿಯುತ್ತಾನೆ? ಕೆಲಸಕ್ಕೆ ಸೇರಿದ ಹೊಸತರಲ್ಲಿ ವೀರಬಸಪ್ಪ ಒಮ್ಮೆ ಟ್ರೇಸಿಂಗ್ ಹಾಳೆಯನ್ನು ಮಗುಚಿ ಇಟ್ಟು ಇಡೀ ಹಳ್ಳಿಯ ನಕ್ಷೆಯನ್ನು ಎಡಬಲ ಮಾಡಿ ಎಳೆದು, ಎಲ್ಲರೆದುರು ಬೈಸಿಕೊಂಡಿದ್ದ. ಸ್ಟುಡಿಯೋದವನು ನೆಗೆಟಿವನ್ನು ಹಾಗೇ ಮಗುಚಿ ಇಟ್ಟು ಪ್ರಿಂಟ್ ಹಾಕಿದ್ದಾನೆ. ಬಂಡೆಯ ಬಲಕ್ಕೆ ಇರುವುದು ಕೆರೆಯ ಕೋಡಿ ಕಾಲುವೆ, ಅಲ್ಲಿ ಮನೆ ಕಟ್ಟಲು ಯಾರಿಂದಲೂ ಆಗದು. ಅಂದರೆ ನಾಳೆ ನಾಗಲಿಂಗಪ್ಪನವರು ಫೋಟೋ ಹಿಡಿದು ನಿಂತು ನೋಡುತ್ತಾರೆ, ಇದು ಆ ಜಾಗವಲ್ಲ ಅನ್ನುತ್ತಾರೆ, ಫೈಲು ಮುಚ್ಚುತ್ತದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ತಾನು ಸುಮ್ಮನಿದ್ದರೆ ಸಾಕು. ಮಾತಾಡಿದರೆ ಮನೆ ಇತ್ತೆಂದು ಸಾಬೀತಾಗುತ್ತದೆ. ಇದ್ದ ಮನೆಯನ್ನು ಇಲ್ಲವೆಂದು ಬರೆದವನು ಯಾರು ಎಂಬ ಪ್ರಶ್ನೆ ಏಳುತ್ತದೆ. ಜೂನಿನಲ್ಲಿ ಅವನಿಗೆ ಬಡ್ತಿಯ ಸರದಿ. ಹೀಗೆಲ್ಲ ಲೆಕ್ಕ ಹಾಕಿದಾಗ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಹೆದರಿಕೆಯಿಂದ ಕೈ ಫೈಲಿನ ದಾರಕ್ಕೆ ಹೋದದ್ದು ಆಗಲೇ.

ಕಚೇರಿಯ ಮುಂದೆ ಜೀಪು ನಿಂತಿತ್ತು. ಅದರ ನೆರಳಿನಲ್ಲಿ ತಂದೆ ಮಗಳು ಕಾದಿದ್ದರು. ಅಕ್ಬರ್ ಪಾಷಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು; ತಲೆಯೆತ್ತಿ, ಸದ್ದು ಬಂದ ಕಡೆ ಮುಖ ತಿರುಗಿಸುತ್ತಿದ್ದ. ನಸೀಮಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದಿದ್ದಳು. ಇಪ್ಪತ್ತನಾಲ್ಕು ಇರಬಹುದು. ಅವತ್ತು ಹದಿನೈದು. ವೀರಬಸಪ್ಪ ಅವಳ ಮುಖ ನೋಡಲಿಲ್ಲ, ಆದರೆ ಅವಳು ತನ್ನ ಮುಖ ನೋಡುತ್ತಿದ್ದಾಳೋ ಇಲ್ಲವೋ ಎಂದು ನೋಡಬೇಕಾಗಿತ್ತು. ನೋಡಿದ. ಅವಳ ಕಣ್ಣು ಅವನ ಕೈಯಲ್ಲಿದ್ದ ಅಳತೆ ಟೇಪಿನ ಮೇಲಿತ್ತು. “ನಮಸ್ಕಾರ ಸಾರ್,” ಎಂದಳು, ಎಲ್ಲ ಗುಮಾಸ್ತರಿಗೂ ಅನ್ನುವ ಹಾಗೆ. ಗುರುತಿಲ್ಲ. ಆಗ ಅವನಿಗೆ ಮೀಸೆಯಿರಲಿಲ್ಲ, ತಲೆ ತುಂಬ ಕೂದಲಿತ್ತು, ಗುರುತಿರಲು ಸಾಧ್ಯವಿಲ್ಲ. ಸಮಾಧಾನವಾಗುವ ಬದಲು ಒಂದು ಥರ ಅವಮಾನವಾಯಿತು. ಯಾರ ಬಾಳು ತಿರುಗಿಸಿ ಹಾಕಿದೆನೋ ಅವರಿಗೆ ನನ್ನ ಮುಖವೂ ನೆನಪಿಲ್ಲವಲ್ಲ.

ಜೀಪು ಹೊರಟಿತು. ನಾಗಲಿಂಗಪ್ಪ ಮುಂದೆ ಕೂತು ಹಿಂದಕ್ಕೆ ತಿರುಗಿ, “ಏನ್ರೀ ಹುಬ್ಬಳ್ಳಿ, ಮಹಜರ್ ಕಾಪಿ ಫೈಲಲ್ಲೇ ಇಲ್ವಲ್ಲ?” ಎಂದರು. ಅವನು ರೋಣದ ಕಡೆಯವನು. ಹುಬ್ಬಳ್ಳಿಗೂ ಅದಕ್ಕೂ ಅರ್ಧ ದಿನದ ಹಾದಿ. ಆದರೆ ಕಚೇರಿಗೆ ಸೇರಿದ ಮೊದಲ ವಾರದಲ್ಲೇ ಅವನ ಮಾತು ಕೇಳಿ ನಕ್ಕು ಇಟ್ಟ ಹೆಸರು ಇನ್ನೂ ಬಿಟ್ಟಿರಲಿಲ್ಲ. ಆ ನಗುವಿಗೆ ಹೆದರಿ ಅವನು ಊರಿನ ಮಾತನ್ನು ಚಪ್ಪಲಿಯ ಹಾಗೆ ಹೊಸಿಲಾಚೆಗೆ ಬಿಟ್ಟು ಬರುವುದನ್ನು ಕಲಿತಿದ್ದ. “ನೋಡಿಲ್ಲ ಸಾರ್. ಹಳೇ ಫೈಲು, ಎಲ್ಲೋ ಉದುರಿರ್ಬೇಕು,” ಎಂದ. ತನ್ನ ಧ್ವನಿ ಎಷ್ಟು ನಯವಾಗಿತ್ತೆಂದು ಅವನಿಗೇ ಅಸಹ್ಯವಾಯಿತು. ಎದೆಯ ಮೇಲೆ ಹಾಳೆ ಬೆವರಿಗೆ ಅಂಟಿಕೊಂಡಿತ್ತು. ಅವತ್ತೂ ಹೀಗೇ ಅಂಗಿ ಬೆನ್ನಿಗೆ ಅಂಟಿತ್ತು, ಏಪ್ರಿಲ್ ಬಿಸಿಲು, ಏರಿಯ ಮೇಲೆ ಸೈಕಲ್ ನಿಲ್ಲಿಸಿ ಇಳಿದು ಬಂದು ಜಗುಲಿಯ ಮೇಲೆ ಕುಸಿದು ಕೂತಿದ್ದ. ಮನೆಯ ಗಂಡಸು ಸ್ಟೇಷನ್ನಿಗೆ ಹೋಗಿದ್ದ. ಪರದೆಯ ಹಿಂದಿನಿಂದ ಹೆಂಗಸಿನ ಧ್ವನಿ, “ಸಾಹೇಬ್ರು ಬಿಸಿಲಲ್ಲಿ ಬಂದಿದಾರೆ, ಮೊದ್ಲು ಸುಧಾರಿಸ್ಕೊಳ್ಳಲಿ,” ಅಂದಿತು. ಮುಸರ್ರತ್ ಅವಳ ಹೆಸರು, ಅರ್ಜಿಯಲ್ಲಿ ದಿವಂಗತ ಎಂದಿದೆ. ಸ್ವಲ್ಪ ಹೊತ್ತಿಗೆ ಎರಡು ಜಡೆಯ ಹುಡುಗಿ ಬಂದು ಹೂವಿನ ಚಿತ್ತಾರದ ಗಾಜಿನ ಲೋಟ ಕೊಟ್ಟಳು. ನಿಂಬೆ ಶರಬತ್ತು, ಮೇಲೆ ಉಬ್ಬಿದ ಕಾಮಕಸ್ತೂರಿ ಬೀಜ. ಗಂಟಲು ಒಣಗಿ ಹೋಗಿತ್ತು. ಲೋಟ ತಣ್ಣಗಿತ್ತು. ತುಟಿಯವರೆಗೂ ತಂದ. ಎದೆಯ ಮೇಲೆ ಲಿಂಗದ ಕರಡಿಗೆ ಇತ್ತು, ಊರಲ್ಲಿ ಅವ್ವ ಇದ್ದಳು, ಅವಳು ಐನೂರು ಕಿಲೋಮೀಟರ್ ದೂರದಿಂದ ನೋಡುತ್ತಿದ್ದಳು. ಅಷ್ಟೇ. ಬೇರೇನೂ ಕಾರಣವಿಲ್ಲ. ಅವನು ಅಂಥ ಮಡಿವಂತನೇನೂ ಅಲ್ಲ. ಬಂಡೆಯ ಕಡೆ ನೋಡಿಕೊಂಡು ಬರುತ್ತೇನೆ ಎಂದು ಲೋಟ ಹಿಡಿದೇ ಎದ್ದು ಹೋಗಿ, ಮರೆಯಲ್ಲಿ ಚೆಲ್ಲಿದ. ಕಾದ ಕಲ್ಲು ನೀರನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟಿತು, ಬೀಜಗಳು ಮಾತ್ರ ಬಂಡೆಗೆ ಅಂಟಿಕೊಂಡು ಹೊಳೆಯುತ್ತ ಉಳಿದವು. ತಿರುಗಿದರೆ ಗೋಡೆಯ ಮೂಲೆಯಲ್ಲಿ ಹುಡುಗಿ ನಿಂತಿದ್ದಳು, ಲೋಟ ಒಯ್ಯಲು ತಟ್ಟೆ ಹಿಡಿದುಕೊಂಡು. ಅವನು ಖಾಲಿ ಲೋಟವನ್ನು ತಟ್ಟೆಯ ಮೇಲಿಟ್ಟು, “ಚೆನ್ನಾಗಿತ್ತಮ್ಮ,” ಎಂದ.

ಆ ‘ಚೆನ್ನಾಗಿತ್ತಮ್ಮ’ ನೆನಪಾದಾಗೆಲ್ಲ ಅವನಿಗೆ ಈಗಲೂ ಒಂಟಿಯಾಗಿದ್ದರೆ ಬಾಯಿಂದ ಏನಾದರೂ ಸದ್ದು ಹೊರಡುತ್ತದೆ. ಜೀಪಿನಲ್ಲಿ ಕೆಮ್ಮಿದ. ಆಮೇಲೆ ಬಂದು ಮನೆ ಅಳೆಯುತ್ತೇನೆ ಎಂದು ಹೇಳಿ ಹೊರಟವನು ಮತ್ತೆ ಹೋಗಲಿಲ್ಲ. ಆ ಹುಡುಗಿಯ ಎದುರು ಟೇಪು ಹಿಡಿದು ನಿಲ್ಲಲು ಮುಖವಿರಲಿಲ್ಲ. ಏರಿಯ ಮೇಲಿನ ಟೀ ಅಂಗಡಿಯಲ್ಲಿ ಕೂತ. ಅಲ್ಲಿ ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆದ ಲೋಟದಲ್ಲಿ ಎರಡು ಟೀ ಕುಡಿದ, ಯಾರು ಕುಡಿದ ಲೋಟ ಎಂದು ಕೇಳಲಿಲ್ಲ. ಆ ಕಾಲಕ್ಕೆ ಎಲ್ಲರೂ ಮಾಡುತ್ತಿದ್ದದ್ದು ಹಾಗೇ: ಪಂಚರಿಗೆ ಕೆಲಸವಿರುತ್ತದೆ, ಅದಕ್ಕೆ ಮೊದಲು ಖಾಲಿ ಹಾಳೆಯ ಬುಡದಲ್ಲಿ ಸಹಿ ಹೆಬ್ಬೆಟ್ಟು ಹಾಕಿಸಿಕೊಂಡು ಅವರನ್ನು ಕಳಿಸಿಬಿಡುವುದು, ಮೇಲಿನದನ್ನು ಆಮೇಲೆ ನಿಧಾನವಾಗಿ ಬರೆದುಕೊಳ್ಳುವುದು. ಊರಿನ ಚಿಕ್ಕಹನುಮಯ್ಯ ಹೆಬ್ಬೆಟ್ಟು ಒತ್ತುತ್ತ, “ಅಲ್ಲೇನೈತೆ ಬುಡಿ ಸ್ವಾಮಿ, ಬರೀ ಬಂಡೆ. ಅಂಗೇ ಬರ್ಕೊಳ್ಳಿ,” ಅಂದಿದ್ದ. ಅವನು ಹಾಗೇ ಬರೆದುಕೊಂಡ.

ಸ್ಥಳ ಗುರುತೇ ಸಿಗದಂತಾಗಿತ್ತು. ಜಲ್ಲಿ ರಸ್ತೆ, ಸೈಟಿನ ಮೂಲೆಗೆ ನೆಟ್ಟ ನಂಬರಿನ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಏಳುತ್ತಿದ್ದ ಮನೆ. ಏರಿ ಮಾತ್ರ ಇತ್ತು, ಬಂಡೆ ಅರ್ಧ ಒಡೆದುಕೊಂಡು ಹೋಗಿ ಉಳಿದರ್ಧ ಇತ್ತು. ಅದರ ಎಡಕ್ಕೆ ಇನ್ನೂ ಯಾರಿಗೂ ಕೊಡದ ಖಾಲಿ ಜಾಗ, ಬಲಕ್ಕೆ ಕಾಲುವೆ. ನಾಗಲಿಂಗಪ್ಪ ರಸ್ತೆಯಲ್ಲಿ ನಿಂತು ಫೋಟೋವನ್ನು ಕೈ ಉದ್ದಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದರು. ವೀರಬಸಪ್ಪ ಅವರ ಹಿಂದೆ ನಿಂತಿದ್ದ. ಈಗ ಹೇಳುತ್ತಾರೆ, ಈಗ.

“ಅಲ್ಲಮ್ಮಾ, ನಿಮ್ಮ ಮನೆ ಎಲ್ಲಿತ್ತು ಅಂದ್ರಿ?”

“ಅಲ್ಲೇ ಸಾರ್. ಬಂಡೆಯ ಎಡಕ್ಕೆ,” ಎಂದಳು ನಸೀಮಾ.

“ಫೋಟೋದಲ್ಲಿ ಬಲಕ್ಕಿದೆ. ನೀವೇ ಕೊಟ್ಟಿರೋ ಫೋಟೋ. ಬಲಕ್ಕೆ ಕಾಲುವೆ ಹರೀತಿದೆ, ಅದರೊಳಗೆ ಮನೆ ಕಟ್ಕೊಂಡಿದ್ರಾ?”

ಅವಳು ಫೋಟೋ ಇಸಿದುಕೊಂಡು ನೋಡಿದಳು, ಬಂಡೆಯನ್ನು ನೋಡಿದಳು, ಮತ್ತೆ ಫೋಟೋ. ರಸ್ತೆಯ ಈಚೆಗೆ ಬಂದು ನೋಡಿದಳು, ಆಚೆಗೆ ಹೋಗಿ ನೋಡಿದಳು. “ಹಾಗಾಗಲ್ಲ ಸಾರ್, ಎಡಕ್ಕೇ...” ಎನ್ನುತ್ತ ಅವಳ ಧ್ವನಿ ಕುಗ್ಗತೊಡಗಿತು. ಹದಿನೈದು ವರ್ಷ ಬೆಳೆದ ಮನೆ. ಆದರೆ ಕೈಯಲ್ಲಿರುವ ಕಾಗದ ಬೇರೆ ಹೇಳುತ್ತಿದೆ. ತನ್ನ ನೆನಪಿಗಿಂತ ಕಾಗದವೇ ದೊಡ್ಡದೆಂದು ಆರು ಅರ್ಜಿಗಳಲ್ಲಿ ಅವಳಿಗೆ ಕಲಿಸಿಟ್ಟಿದ್ದಾರೆ. ತಾನೇ ಕಲಿಸಿದ್ದು, ಎಂದು ವೀರಬಸಪ್ಪನಿಗೆ ಅನ್ನಿಸಿತು. ಅವಳು ತನ್ನ ಮನೆಯನ್ನು ತಾನೇ ಅನುಮಾನಿಸುವುದನ್ನು ನಿಂತು ನೋಡುವುದು ಅವನಿಗೆ ಆಗಲಿಲ್ಲ, ಬಗ್ಗಿ ಶೂಸಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

ಅಕ್ಬರ್ ಪಾಷಾನಿಗೆ ಫೋಟೋ ಕಾಣುವುದಿಲ್ಲ. “ಏನಂತೆ ಬೇಟಾ?” ಎಂದು ಕೇಳಿದ. ನಾಗಲಿಂಗಪ್ಪನವರೇ ಸ್ವಲ್ಪ ಮರುಕದಿಂದ, “ಜಾಗ ಹೊಂದ್ತಿಲ್ಲ ತಾತಾ. ಫೋಟೋ ಬೇರೆ ಕಡೆದು ಅನ್ಸುತ್ತೆ,” ಎಂದರು. ಮುದುಕ ನಕ್ಕುಬಿಟ್ಟ. “ಬೇರೆ ಕಡೆ ನನಗೆ ಮನೆ ಎಲ್ಲಿತ್ತು ಸಾಹೇಬ್ರೇ? ಒಂದೇ ಕಟ್ಟಿದ್ದು.” ಅಷ್ಟರಲ್ಲಿ ಡ್ರೈವರ್ ಹೋಗಿ ಊರೊಳಗಿಂದ ಚಿಕ್ಕಹನುಮಯ್ಯನನ್ನು ಕರೆತಂದಿದ್ದ, ಹಳಬರನ್ನು ಯಾರನ್ನಾದರೂ ಕೇಳೋಣ ಎಂದು ನಾಗಲಿಂಗಪ್ಪ ಹೇಳಿ ಕಳಿಸಿದ್ದರು. ವೀರಬಸಪ್ಪ ನಾಗಲಿಂಗಪ್ಪನವರ ಬೆನ್ನ ಹಿಂದಕ್ಕೆ ಒಂದು ಹೆಜ್ಜೆ ಸರಿದ. ಚಿಕ್ಕಹನುಮಯ್ಯ ಕೋಲೂರಿಕೊಂಡು ಬಂದು ಎಲ್ಲರ ಮುಖವನ್ನೂ ನೋಡಿದ, ವೀರಬಸಪ್ಪನ ಮುಖದ ಮೇಲೆ ಒಂದು ಗಳಿಗೆ ಹೆಚ್ಚಾಗಿ ನಿಂತ. ಗುರುತು ಹಿಡಿದ. ಅದರಲ್ಲಿ ಸಂಶಯವಿಲ್ಲ. “ಇಲ್ಲಿ ಇವರ ಮನೆ ಇತ್ತಾ ಯಜಮಾನ್ರೇ?” ಎಂದು ಕೇಳಿದಾಗ ಅವನು ಅಕ್ಬರ್ ಪಾಷಾನ ಕಡೆ ತಿರುಗದೆ, “ಗ್ಯಾಪಕ ಇಲ್ಲ ಬುದ್ಧಿ. ವಯಸ್ಸಾತು. ಇತ್ತೋ, ಇರ್ಲಿಲ್ವೋ, ಎಂಗ್ ಏಳಾದು,” ಎಂದ. “ಯಾರದು, ಹನುಮಯ್ಯನಾ?” ಎಂದು ಅಕ್ಬರ್ ಪಾಷಾ ಧ್ವನಿ ಹಿಡಿದು ಮುಂದೆ ಬಂದ. “ನಿನ್ನ ಮಗಳ ಹೆರಿಗೆ ನೋವಿಗೆ ಅರ್ಧ ರಾತ್ರಿ ಇದೇ ಮನೆಯಿಂದ ಗಾಡಿ ಕಟ್ಟಿಕೊಂಡು ಬರ್ಲಿಲ್ವೇನಪ್ಪಾ?” ಚಿಕ್ಕಹನುಮಯ್ಯ ನೆಲ ನೋಡಿದ. ಆಮೇಲೆ ಮತ್ತೆ ವೀರಬಸಪ್ಪನನ್ನು ನೋಡಿದ, ನಾನು ನಿನ್ನ ಬಿಟ್ಟುಕೊಡಲಿಲ್ಲ, ನೀನೂ ನನ್ನ ಬಿಟ್ಟುಕೊಡಬೇಡ ಅನ್ನುವ ಹಾಗೆ. ಆ ನೋಟದಲ್ಲಿದ್ದ ಸಲಿಗೆ ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು.

“ಸರಿ, ನಡೀರಿ,” ಎಂದರು ನಾಗಲಿಂಗಪ್ಪ. ಮುಗಿಯಿತು. ಅವನು ಬಾಯಿ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಎಲ್ಲರೂ ಜೀಪಿನತ್ತ ತಿರುಗಿದರು. ಅಕ್ಬರ್ ಪಾಷಾ ಮಾತ್ರ ತಿರುಗದೆ, ಖಾಲಿ ಜಾಗದ ಕಡೆ ಕೈ ಚಾಚಿಕೊಂಡು ನಡೆದ. ಇಲ್ಲಿ ಕುದುರೆಯ ಗೂಟ, ಇಲ್ಲಿ ನೀರಿನ ಬಾನಿ ಎಂದು ಹೇಳಿಕೊಳ್ಳುತ್ತ ಒಂದು ನಂಬರಿನ ಕಲ್ಲಿಗೆ ಎಡವಿದ. ಹತ್ತಿರದಲ್ಲಿದ್ದವನು ವೀರಬಸಪ್ಪ, ಬೀಳದಂತೆ ಅವನ ಕೈ ಹಿಡಿದ. ಒರಟು ಅಂಗೈ, ನಾಲ್ಕೇ ಬೆರಳು. ಕಿರುಬೆರಳಿದ್ದಲ್ಲಿ ನುಣ್ಣಗಿನ ಗಂಟು. “ಹೆದರ್ಬೇಡಿ, ಅದು ಕುದುರೆ ತಿಂದದ್ದು, ಹಳೇದು,” ಎಂದು ಮುದುಕ ನಕ್ಕ. ಎಡಗೈ. ಫೋಟೋದಲ್ಲಿ ಮಗಳ ಹೆಗಲ ಮೇಲಿಟ್ಟ ಕೈಗೆ ನಾಲ್ಕೇ ಬೆರಳಿದ್ದದ್ದು ವೀರಬಸಪ್ಪನ ಕಣ್ಣಿಗೆ ಕಟ್ಟಿತು, ಅದು ಬಲಗೈ. ಮುದುಕ ಹಿಡಿದ ಕೈ ಬಿಡಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡ, ನಂಬಿ ಹಿಡಿದುಕೊಂಡ. ಬಿಡಿಸಿಕೊಳ್ಳಬೇಕೆಂದರೆ ಕಿತ್ತುಕೊಳ್ಳಬೇಕಿತ್ತು.

“ಸಾರ್,” ಎಂದ ವೀರಬಸಪ್ಪ. ಯಾರೂ ಕೇಳಲಿಲ್ಲ. “ಸಾರ್! ಫೋಟೋ ತಿರುಗುಮುರುಗು ಇದೆ. ಸ್ಟುಡಿಯೋದಲ್ಲಿ ನೆಗೆಟಿವ್ ಮಗುಚಿ ಇಟ್ಟು ಪ್ರಿಂಟ್ ಹಾಕಿದಾರೆ.”

ನಾಗಲಿಂಗಪ್ಪ ವಾಪಸು ಬಂದರು. ಅವನು ಮುದುಕನ ಎಡಗೈ ಎತ್ತಿ ತೋರಿಸಿದ, ಫೋಟೋದಲ್ಲಿನ ಬಲಗೈ ತೋರಿಸಿದ, ಜೇಬು ತೋರಿಸಿದ. ನಾಗಲಿಂಗಪ್ಪ ಫೋಟೋವನ್ನು ಬಿಸಿಲಿಗೆ ಹಿಡಿದು, ಬೆನ್ನ ಕಡೆಯಿಂದ ಕಾಗದದ ಮೂಲಕ ನಸುಕಾಗಿ ಕಂಡ ಚಿತ್ರವನ್ನು ಬಂಡೆಗೆ ಹೊಂದಿಸಿ ನೋಡಿದರು. ಏರಿಯ ಏರಿಳಿತ, ಬಂಡೆಯ ಭುಜ, ಒಂದೊಂದೂ ಕೂತವು. “ಶಭಾಷ್ ಕಣ್ರೀ!” ಎಂದು ಅವನ ಬೆನ್ನು ತಟ್ಟಿದರು. “ನನ್ನ ಸರ್ವೀಸಲ್ಲೇ ಇಂಥ ಕಣ್ಣು ನೋಡಿಲ್ಲ.” ಅಕ್ಬರ್ ಪಾಷಾ ಆ ನಾಲ್ಕು ಬೆರಳಿನ ಕೈಯನ್ನು ಅವನ ತಲೆಯ ಮೇಲಿಟ್ಟು ಏನೋ ದುವಾ ಹೇಳಿದ. ಎಷ್ಟು ಸುಲಭವಾಗಿತ್ತು. ಸತ್ಯದಲ್ಲಿ ಅರ್ಧ ಹೇಳಿದ್ದಕ್ಕೇ ಶಭಾಷ್ ಸಿಕ್ಕಿತ್ತು, ಆಶೀರ್ವಾದ ಸಿಕ್ಕಿತ್ತು. ಉಳಿದರ್ಧ ಜೇಬಿನಲ್ಲಿ ಬೆವರು ಕುಡಿಯುತ್ತ ಬಿದ್ದಿತ್ತು. ನಾಗಲಿಂಗಪ್ಪ ಫೋಟೋ ಮಡಿಲಲ್ಲಿಟ್ಟುಕೊಂಡು ಜೀಪಿನ ಮುಂದೆ ಕೂತು ಬರೆಯತೊಡಗಿದರು. “ನಾನಂತೂ ಶಿಫಾರಸು ಮಾಡ್ತೀನಿ. ಆದ್ರೆ ಮೇಲಿನೋರು ಬಿಡಲ್ಲ, ಮನೆ ಇಲ್ಲ ಅಂತ ಖುದ್ದು ನೋಡಿ ಮಹಜರ್ ಬರೆದಿದಾರಲ್ಲ, ಅದು ಸುಳ್ಳು ಅಂತ ಹ್ಯಾಗೆ ಹೇಳ್ತೀರಿ ಅಂತಾರೆ. ಬರೆದೋನು ಯಾರೋ, ಬದುಕಿದಾನೋ ಇಲ್ವೋ. ಓಡಾಡ್ಬೇಕಾಗುತ್ತಮ್ಮ ನೀವು, ಒಂದೆರಡು ವರ್ಷ. ಜಾಗ ಅಳೆದು ಬನ್ನಿ ಹೋಗ್ರೀ ವೀರಬಸಪ್ಪ, ಅದನ್ನಾದ್ರೂ ಸೇರಿಸ್ತೀನಿ.”

ಟೇಪಿನ ತುದಿ ಹಿಡಿಯಲು ನಸೀಮಾಳೇ ಬಂದಳು. ಅವನು ಬಂಡೆಯ ಬುಡದಲ್ಲಿ ಕೂತು ಟೇಪು ಬಿಡುತ್ತ ಹೋದ, ಅವಳು ತುದಿ ಹಿಡಿದು ಖಾಲಿ ಜಾಗದುದ್ದಕ್ಕೂ ನಡೆದು ನಿಂತಳು, ಇಲ್ಲಿ ಗೋಡೆ ಎಂದಳು. ಮತ್ತೆ ಹತ್ತಿರ ಬಂದಳು, ಅಗಲ ಅಳೆಯಲು. ಜೀಪು ದೂರವಿತ್ತು. ಒಂಬತ್ತು ವರ್ಷ ತಡವಾಗಿ ಅಳೆಯುತ್ತಿದ್ದೇನೆ ಎಂದು ಅವನು ಯೋಚಿಸುತ್ತಿದ್ದಾಗ ಅವಳು ಬಂಡೆಯ ಮೇಲೆ ಬೆರಳಿಟ್ಟು, “ಇಲ್ಲೇ ಅಲ್ವಾ ಸಾರ್ ನೀವು ಚೆಲ್ಲಿದ್ದು?” ಎಂದಳು.

ಅವನ ಕೈಯಲ್ಲಿ ಟೇಪು ನಿಂತಿತು.

“ಹೋದ ತಿಂಗಳು ಅರ್ಜಿ ಕೊಡೋಕೆ ಬಂದಾಗಲೇ ನಿಮ್ಮ ಗುರುತು ಹಿಡಿದೆ. ಫೋಟೋ ಉಲ್ಟಾ ಅಂತ ನಂಗೆ ಗೊತ್ತಾಗ್ಲಿಲ್ಲ. ನಿಮಗೆ ಮನೆ ಗೊತ್ತಿದೆ, ಅಷ್ಟು ಗೊತ್ತಿತ್ತು. ಹೇಳ್ತೀರೋ ಇಲ್ವೋ ಅಂತ ಬೆಳಿಗ್ಗೆಯಿಂದ ನೋಡ್ತಿದೀನಿ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಅದಕ್ಕೆ ಆತುಕೊಂಡು ನಿಲ್ಲಬಹುದಿತ್ತು.

“ನೀನು... ನೀವು ಆಗಲೇ ಸಾಹೇಬ್ರಿಗೆ ಹೇಳಬಹುದಿತ್ತಲ್ಲ,” ಎಂದ.

“ಏನಂತ ಹೇಳಲಿ? ಅವತ್ತು ಲೋಟ ಒಳಗೆ ತಗೊಂಡು ಹೋದಾಗ ಅಮ್ಮಿ ಕೇಳಿದ್ರು, ಸಾಹೇಬ್ರು ಕುಡಿದ್ರಾ ಅಂತ. ಅವರಿಗೆ ಬೇಜಾರಾಗ್ಬಾರ್ದು ಅಂತ ಕುಡಿದ್ರು ಅಂದೆ. ಚೆನ್ನಾಗಿತ್ತು ಅಂದ್ರು ಅಂತಾನೂ ಹೇಳಿದೆ, ನೀವು ಅಂದಿದ್ರಲ್ಲ.” ಅವಳು ಟೇಪಿನ ಹಿತ್ತಾಳೆ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮನೆ ಕೆಡವೋಕೆ ಬಂದಾಗ, ಸೈಟ್ ಇಲ್ಲ ಅಂದಾಗ, ಅಮ್ಮಿ ಸಾಯೋವರೆಗೂ ಒಂದೇ ಹೇಳ್ತಿದ್ರು ಸಾರ್. ಆ ಬಿಸಿಲಲ್ಲಿ ಬಂದ ಸಾಹೇಬ್ರಲ್ಲ, ಬೇರೆ ಯಾರೋ ಬರೆದಿದಾರೆ. ನಮ್ಮನೆ ಶರಬತ್ತು ಕುಡಿದು ಹೋದೋರು ನಮ್ಮನೆ ಇಲ್ಲ ಅಂತ ಬರೀತಾರಾ ಅಂತ.”

ದೂರದಲ್ಲಿ ನಾಗಲಿಂಗಪ್ಪ ಗಡಿಯಾರ ನೋಡಿಕೊಂಡು ಹಾರನ್ ಹೊಡೆಸಿದರು. ವೀರಬಸಪ್ಪ ಎದ್ದ. ಟೇಪಿನ ಡಬ್ಬಿಯನ್ನು ಬಂಡೆಯ ಮೇಲಿಟ್ಟ. ಜೀಪಿನವರೆಗಿನ ದಾರಿ ಎಷ್ಟು ಹೆಜ್ಜೆ ಎಂದು ಅವನ ಕಾಲು ಅಭ್ಯಾಸಬಲದಿಂದ ಎಣಿಸುತ್ತಿತ್ತು, ಅದರ ನಡುವೆ ಜೂನ್ ತಿಂಗಳು ಬಂತು, ತಟ್ಟೆಯಲ್ಲಿ ಬಿಟ್ಟ ಅರ್ಧ ರೊಟ್ಟಿ ಬಂತು, ಸಂಗವ್ವ ಸೆರಗಿಗೆ ಒರೆಸಿಕೊಂಡ ಕೈ ಬಂತು. ಹೆದರಿಕೆ ಹೋಗಿರಲಿಲ್ಲ. ಜೇಬಿನಿಂದ ಹಾಳೆ ತೆಗೆದಾಗ ಅದು ಒದ್ದೆಯಾಗಿ ಬೆಚ್ಚಗಿತ್ತು. ಮಡಿಕೆ ಹರಿಯದಂತೆ ನಿಧಾನಕ್ಕೆ ಬಿಡಿಸಿ ನಾಗಲಿಂಗಪ್ಪನವರ ಫೈಲಿನ ಮೇಲಿಟ್ಟ.

“ಏನ್ರೀ ಇದು?” ಅವರು ಕನ್ನಡಕ ಏರಿಸಿ ಓದಿದರು, ಮತ್ತೊಮ್ಮೆ ಓದಿದರು. “ಮಹಜರ್! ಇದೆಲ್ಲಿತ್ತು? ಖುದ್ದಾಗಿ ಪರಿಶೀಲಿಸಲಾಗಿ... ಮನೆ ಇರುವುದಿಲ್ಲ. ಸಹಿ ಯಾವನದು ಇದು, ಒಂದಕ್ಷರ ಓದಕ್ಕಾಗಲ್ಲ.”

ವೀರಬಸಪ್ಪ ಬಾಯಿ ತೆರೆದ. ಹತ್ತು ವರ್ಷ ಕಚೇರಿಯಲ್ಲಿ ತಿದ್ದಿ ತೀಡಿದ ಮಾತು ಆ ಹೊತ್ತಿಗೆ ಕೈಗೆ ಸಿಗಲಿಲ್ಲ.

“ನಂದರೀ ಸಾಹೇಬ್ರ,” ಎಂದ. “ಮನಿ ಇತ್ತರೀ. ಅದರ ಜಗಲಿ ಮ್ಯಾಲ ಕುಂತು ಎದ್ದು ಹೋಗಿ, ಇಲ್ಲ ಅಂತ ನಾನ ಬರದೇನ್ರೀ.”